ಹರಳಿನ ಮೇಲೆ ಪುನರ್ಪುಳಿ

ಝಿಂಕ್ ಸೆಲೆನೈಡ್ ಹರಳಿನ ಮೇಲೆ ಆಮ್ಲ ಹಾಕಬಾರದು ಎಂಬುದು ನನಗೆ ಗೊತ್ತಿತ್ತು. ಸಲಕರಣೆಯ ಜೊತೆ ಬಂದ ಕೈಪಿಡಿಯಲ್ಲಿ ಓದಿದ್ದೆ, ಹೊಸದಾಗಿ ಸೇರಿದವರಿಗೆ ನಾನೇ ಹೇಳಿಯೂ ಕೊಟ್ಟಿದ್ದೆ. ಆದರೂ ನಮ್ಮ ವಿಭಾಗದಲ್ಲಿ ಇದ್ದ ಒಂದೇ ಒಂದು ಎಟಿಆರ್ ಹರಳು ಹಾಳಾದದ್ದು ನನ್ನ ಕೈಯಲ್ಲೇ. ಗೊತ್ತಿಲ್ಲದೆ ಆದ ತಪ್ಪಾಗಿದ್ದರೆ ಕೈಪಿಡಿ ಓದಿ ಎಂದು ಹೇಳಿ ಸುಮ್ಮನಾಗಬಹುದಿತ್ತು. ಗೊತ್ತಿದ್ದವಳ ಕೈಯಲ್ಲಿ ಅದು ಹೇಗೆ ಆಯಿತು, ಆದದ್ದು ವಾರಗಟ್ಟಲೆ ಕಣ್ಣಿಗೆ ಬೀಳದೆ ಹೇಗೆ ಉಳಿಯಿತು ಎಂಬುದನ್ನು ಬರೆಯಬೇಕೆನಿಸಿದೆ. ಎಫ್‌ಟಿಐಆರ್ ಮುಂದೆ ಕೂರುವ ಯಾರಿಗೂ ಇದು ಆಗಬಹುದು.

ಎಫ್‌ಟಿಐಆರ್ ಯಂತ್ರ ವಸ್ತುವಿಗೆ ಅವಕೆಂಪು ಬೆಳಕು ಕೊಟ್ಟು, ಅದು ಯಾವ ಯಾವ ತರಂಗಗಳನ್ನು ಹೀರಿಕೊಂಡಿತು ಎಂದು ನೋಡುತ್ತದೆ. ಹಳೆಯ ಕ್ರಮದಲ್ಲಿ ಸ್ಯಾಂಪಲನ್ನು ಪೊಟ್ಯಾಸಿಯಂ ಬ್ರೋಮೈಡ್ ಪುಡಿಯ ಜೊತೆ ಅರೆದು, ಪ್ರೆಸ್ಸಿನಲ್ಲಿ ಒತ್ತಿ ಬಿಲ್ಲೆ ಮಾಡಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಆ ಪುಡಿ ಬಾಟಲಿಯಿಂದ ಹೊರಗೆ ಬಂದ ಕೂಡಲೇ ತೇವ ಎಳೆದುಕೊಳ್ಳುತ್ತದೆ, ಬಿಲ್ಲೆ ಮಬ್ಬಾಗುತ್ತದೆ. ನೀರಿನಲ್ಲಿ ಕರಗಿರುವ ವಸ್ತುವಿಗಂತೂ ಆ ದಾರಿಯೇ ಇಲ್ಲ. ನೀರೇ 1640 ತರಂಗಸಂಖ್ಯೆಯ ಹತ್ತಿರ ಎಷ್ಟು ಬೆಳಕನ್ನು ನುಂಗುತ್ತದೆಂದರೆ, ಕೆಲವೇ ಮೈಕ್ರಾನ್ ದಪ್ಪದ ಪದರ ದಾಟಿದರೆ ಅಲ್ಲಿ ನೋಡಲು ಏನೂ ಉಳಿಯುವುದಿಲ್ಲ.

ಎಟಿಆರ್ ಈ ಕಷ್ಟವನ್ನು ಬಹಳ ಚೆಂದದ ರೀತಿಯಲ್ಲಿ ದಾಟುತ್ತದೆ. ಝಿಂಕ್ ಸೆಲೆನೈಡಿನ ವಕ್ರೀಭವನ ಸೂಚ್ಯಂಕ 2.4ರಷ್ಟು. ಅದರೊಳಗೆ 45 ಡಿಗ್ರಿಯಲ್ಲಿ ಹೋಗುವ ಬೆಳಕು ಮೇಲ್ಮೈಗೆ ಬಡಿದು ಹೊರಗೆ ಬಾರದೆ ಪೂರ್ತಿ ಹಿಂದಿರುಗುತ್ತದೆ. ಆದರೆ ಹಿಂದಿರುಗುವ ಜಾಗದಲ್ಲಿ ಅದರ ಒಂದು ಅಂಶ ಮೇಲ್ಮೈಯಿಂದ ಸುಮಾರು ಒಂದೆರಡು ಮೈಕ್ರಾನಿನಷ್ಟು ಆಚೆ ಚಾಚಿಕೊಂಡಿರುತ್ತದೆ. ಹರಳಿನ ಮೇಲೆ ದ್ರವ ಸುರಿದರೆ, ಆ ಒಂದೆರಡು ಮೈಕ್ರಾನಿನಲ್ಲಿರುವ ಅಣುಗಳು ತಮಗೆ ಬೇಕಾದ ತರಂಗಗಳನ್ನು ಹೀರಿಕೊಳ್ಳುತ್ತವೆ. ದ್ರವ ಎಷ್ಟು ಆಳ ಇದ್ದರೂ ಬೆಳಕು ನೋಡುವುದು ಅಷ್ಟನ್ನೇ. ಅಮೆರಿಕದ ಫಿಲಿಪ್ಸ್ ಪ್ರಯೋಗಾಲಯದಲ್ಲಿದ್ದ ಹ್ಯಾರಿಕ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಶೆಲ್ ಪ್ರಯೋಗಾಲಯದಲ್ಲಿದ್ದ ಫಾರೆನ್‌ಫೋರ್ಟ್ 1960-61ರ ಸುಮಾರಿಗೆ ಬೇರೆಬೇರೆಯಾಗಿ ಈ ಉಪಾಯವನ್ನು ಮುಂದಿಟ್ಟರು. ಎಲ್ಲವೂ ಆ ಮೇಲ್ಮೈಯ ಮೇಲೆ ನಿಂತಿದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಮೇಲ್ಮೈ ಒರಟಾದರೆ ಬೆಳಕು ಚದುರುತ್ತದೆ, ಹಿಂದಿರುಗುವುದಿಲ್ಲ.

ನಮ್ಮದು ಉದ್ದನೆಯ ದೋಣಿಯಾಕಾರದ ತಟ್ಟೆ, ಅದರ ತಳದಲ್ಲಿ ಹಳದಿ ಬಣ್ಣದ ಪಾರದರ್ಶಕ ಹರಳು. ಬೆಳಕು ಒಂದು ತುದಿಯಿಂದ ಒಳಹೊಕ್ಕು ಹಲವು ಬಾರಿ ಪುಟಿದು ಇನ್ನೊಂದು ತುದಿಯಿಂದ ಹೊರಬರುತ್ತದೆ. ಕೆಳಗೆ ಅದನ್ನು ಒಳಕ್ಕೆ ತಿರುಗಿಸುವ, ಹೊರಬಂದದ್ದನ್ನು ಡಿಟೆಕ್ಟರಿಗೆ ಕಳಿಸುವ ಕನ್ನಡಿಗಳು.

ಇದನ್ನು ಯಂತ್ರದೊಳಗೆ ಕೂರಿಸುವಾಗ ನಾನು ತೋರಿಸುತ್ತಿದ್ದ ಎಚ್ಚರಿಕೆಯನ್ನು ಇವತ್ತು ನೆನೆದರೂ ಅದರಲ್ಲಿ ಕೊರತೆ ಕಾಣುವುದಿಲ್ಲ. ಪೌಡರ್ ಇಲ್ಲದ ಕೈಗವಸು ಹಾಕಿ, ತಳದ ಚೌಕಟ್ಟನ್ನು ಮಾತ್ರ ಹಿಡಿದು ಎತ್ತಬೇಕು. ಕನ್ನಡಿಗಳ ಲೋಹದ ಲೇಪ ಗಾಜಿನ ಹಿಂದೆ ಇರುವುದಿಲ್ಲ, ಮುಂದೆಯೇ ಇರುತ್ತದೆ. ಬೆರಳು ತಾಗಿದರೆ ಒರೆಸುವಂತಿಲ್ಲ, ಒರೆಸಿದರೆ ಲೇಪವೇ ಗೀಚಿಹೋಗುತ್ತದೆ. ಧೂಳಿದ್ದರೆ ರಬ್ಬರ್ ಬಲ್ಬಿನಿಂದ ಗಾಳಿ ಊದಬೇಕು, ಅಷ್ಟೆ. ಕೂರಿಸುವ ಮೊದಲು ಖಾಲಿ ಯಂತ್ರದ ಎನರ್ಜಿ, ಎಂದರೆ ಡಿಟೆಕ್ಟರಿಗೆ ತಲುಪುವ ಬೆಳಕು ಎಷ್ಟು ಎಂದು ನೋಡಿಕೊಳ್ಳಬೇಕು, ಆಮೇಲೆ ಸಲಕರಣೆ ಕೂರಿಸಿ ಮತ್ತೆ ನೋಡಬೇಕು. ಪರದೆಯ ಮೇಲೆ ಇಂಟರ್‌ಫೆರೋಗ್ರಾಮಿನ ನಡುವಿನ ಶಿಖರವನ್ನು ನೋಡುತ್ತಾ ಕನ್ನಡಿಯ ತಿರುಪನ್ನು ಒಂದಿಷ್ಟಿಷ್ಟೇ ತಿರುಗಿಸಿ, ಶಿಖರ ಏರಿ ಇನ್ನೇನು ಇಳಿಯಬೇಕು ಎನ್ನುವಲ್ಲಿ ನಿಲ್ಲಿಸಬೇಕು. ಒಳಗೆ ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕು ಓಡುತ್ತಿರುತ್ತದೆ, ಬಗ್ಗಿ ಕಣ್ಣಿಟ್ಟು ನೋಡಬಾರದು. ನಂತರ ಮುಚ್ಚಳ ಹಾಕಿ, ಒಣ ನೈಟ್ರೋಜನ್ ಬಿಟ್ಟು, ತೇವ ಹೊರಗೆ ಹೋಗುವವರೆಗೆ ಕಾಯಬೇಕು. ಆಟಿಯ ಮಳೆಯಲ್ಲಿ ಈ ಕಾಯುವಿಕೆ ತಪ್ಪಿಸಿದರೆ 1700ರ ಆಚೀಚೆ ನೀರಾವಿಯ ಚೂಪು ಗೆರೆಗಳು ನಿಂತುಬಿಡುತ್ತವೆ. ನನಗೆ ಬೇಕಾದ ಜಾಗವೂ ಅದೇ ಆಗಿದ್ದರಿಂದ ನಾನು ಯಾವತ್ತೂ ಅವಸರ ಮಾಡಿದವಳಲ್ಲ.

ನನ್ನ ಕೆಲಸ ಪುನರ್ಪುಳಿಯ ಮೇಲೆ. ಉತ್ತರ ಕನ್ನಡದವರು ಮುರುಗಲು ಎನ್ನುವ ಹಣ್ಣು. ಇದರ ಸಿಪ್ಪೆಯಲ್ಲಿರುವ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲದ ಹತ್ತಿರದ ಸಂಬಂಧಿ. ರಸವನ್ನು ಕಾಯಿಸಿ ಬತ್ತಿಸಿದರೆ ಈ ಆಮ್ಲ ತನ್ನೊಳಗೇ ಒಂದು ಉಂಗುರ ಕಟ್ಟಿಕೊಂಡು ಲ್ಯಾಕ್ಟೋನ್ ಆಗುತ್ತದೆ. ಅವಕೆಂಪು ರೋಹಿತದಲ್ಲಿ ಆಮ್ಲದ ಕಾರ್ಬೊನಿಲ್ 1720ರ ಹತ್ತಿರ ಕಂಡರೆ ಲ್ಯಾಕ್ಟೋನಿನದ್ದು 1780ರ ಸುಮಾರಿಗೆ ಕಾಣುತ್ತದೆ. ಹಾಗಾಗಿ ಬತ್ತಿಸಿದ ರಸವನ್ನು ಹಾಗೇ ಇಟ್ಟರೆ ಎಷ್ಟು ಹೊತ್ತಿನಲ್ಲಿ ಎಷ್ಟು ಬದಲಾಗುತ್ತದೆ ಎಂದು ಎಟಿಆರ್ ಮೇಲೆ ಕಣ್ಣಾರೆ ನೋಡಬಹುದು. ಆ ಯೋಚನೆ ಹೊಳೆದಾಗ ಆದ ಸಂತೋಷ ಈಗಲೂ ನೆನಪಿದೆ.

ಝಿಂಕ್ ಸೆಲೆನೈಡಿಗೆ ಪಿಎಚ್ 5ರಿಂದ 9ರವರೆಗಿನ ದ್ರವ ಮಾತ್ರ ಕ್ಷೇಮ. ಪುನರ್ಪುಳಿ ರಸದ ಪಿಎಚ್ 2ರ ಆಸುಪಾಸು. ಈ ಎರಡು ಅಂಕಿಗಳೂ ನನ್ನ ನೋಟ್‌ಬುಕ್ಕಿನಲ್ಲಿದ್ದವು, ಬೇರೆ ಬೇರೆ ಪುಟಗಳಲ್ಲಿ. ಅವನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಲಿಲ್ಲ. ಯಾಕೆ ನೋಡಲಿಲ್ಲ ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಆಮ್ಲ ಎಂದರೆ ನನ್ನ ಮನಸ್ಸಿಗೆ ಬರುತ್ತಿದ್ದುದು ಫ್ಯೂಮ್ ಹುಡ್ಡಿನ ಕೆಳಗಿರುವ ಕಂದು ಬಾಟಲಿಗಳು, ನೈಟ್ರಿಕ್, ಹೈಡ್ರೋಕ್ಲೋರಿಕ್. ಪುನರ್ಪುಳಿ ಎಂದರೆ ಬೇಸಿಗೆಯಲ್ಲಿ ಅಮ್ಮ ಮಾಡುವ ಶರಬತ್ತು, ಊಟದ ಕೊನೆಗೆ ಬರುವ ಸಾರು. ಹುಟ್ಟಿದಾಗಿನಿಂದ ಕುಡಿದು ಬೆಳೆದದ್ದು ಹರಳನ್ನು ತಿನ್ನಬಹುದು ಎಂಬ ಭಯ ಹುಟ್ಟಲೇ ಇಲ್ಲ. ಮೊದಮೊದಲು ತೆಳು ರಸ ಹಾಕಿ ಬೇಗ ಓಡಿಸಿ ತೊಳೆದುಬಿಡುತ್ತಿದ್ದೆ, ಏನೂ ಆಗಲಿಲ್ಲ. ಏನೂ ಆಗದ್ದು ಧೈರ್ಯ ಕೊಟ್ಟಿತು. ಆಮೇಲೆ ದಪ್ಪ ರಸವನ್ನು ತಟ್ಟೆಗೆ ತುಂಬಿ, ಆರದ ಹಾಗೆ ಮೇಲೆ ಮುಚ್ಚಿ, ಗಂಟೆಗೊಂದು ರೋಹಿತ ತಾನಾಗಿ ತೆಗೆಯುವಂತೆ ಹೊಂದಿಸಿ ರಾತ್ರಿ ಮನೆಗೆ ಹೋಗತೊಡಗಿದೆ.

ಇದರಲ್ಲಿ ಎರಡು ಅಪಾಯ ಒಟ್ಟಿಗೆ ಸೇರಿದ್ದವು, ಒಂದು ಮಾತ್ರ ಕೈಪಿಡಿಯ ಮೊದಲ ಸಾಲಿನಲ್ಲಿತ್ತು. ಹುಳಿ ತಿನ್ನುತ್ತದೆ ಎಂಬುದು ಒಂದು. ಇನ್ನೊಂದು, ಸತುವನ್ನು ಹಿಡಿದುಕೊಳ್ಳುವ ಅಣುಗಳು ಹುಳಿಯಿಲ್ಲದಿದ್ದರೂ ತಿನ್ನುತ್ತವೆ. ಅಮೋನಿಯಾ, ಇಡಿಟಿಎ ಈ ಹರಳಿಗೆ ಆಗುವುದಿಲ್ಲ ಎನ್ನುವುದು ಅದಕ್ಕೇ, ಅವು ಹರಳಿನ ಸತುವಿಗೆ ಕೈ ಹಾಕುತ್ತವೆ. ಸಿಟ್ರೇಟ್ ಕೂಡ ಸತುವಿಗೆ ಅಂಟಿಕೊಳ್ಳುವ ಜಾತಿಯದ್ದು. ನಡುವೆ ಒಮ್ಮೆ ಹುಳಿಯ ಬಗ್ಗೆ ಸಣ್ಣ ಅನುಮಾನ ಬಂದು, ರಸವನ್ನು ಸೋಡಿಯಂ ಲವಣ ಮಾಡಿ ಪಿಎಚ್ 7ಕ್ಕೆ ತಂದು ಹಾಕಿದ್ದೆ, ಈಗ ಭಯವಿಲ್ಲ ಎಂದುಕೊಂಡಿದ್ದೆ. ಪಿಎಚ್ ಕಾಗದದ ಬಣ್ಣ ಹಸಿರಾದ ಮಾತ್ರಕ್ಕೆ ಹರಳಿಗೆ ಕ್ಷೇಮ ಎಂದೇನಿಲ್ಲ.

ಹರಳು ಒಂದೇ ದಿನದಲ್ಲಿ ಹಾಳಾಗಿದ್ದರೆ ನನಗೂ ಗೊತ್ತಾಗುತ್ತಿತ್ತು. ಅದು ನಿಧಾನಕ್ಕೆ ಹೋಯಿತು, ಮತ್ತು ಹೋಗುತ್ತಿರುವುದನ್ನು ಮುಚ್ಚುವ ಸಾಧನಗಳು ನನ್ನ ಮೌಸಿನ ತುದಿಯಲ್ಲೇ ಇದ್ದವು. ಎಫ್‌ಟಿಐಆರ್ ನಮಗೆ ಕೊಡುವುದು ಒಂದು ಅನುಪಾತ. ಖಾಲಿ ಹರಳಿನಿಂದ ಬಂದ ಬೆಳಕನ್ನು ಬ್ಯಾಕ್‌ಗ್ರೌಂಡ್ ಎಂದು ಉಳಿಸಿಕೊಂಡು, ಸ್ಯಾಂಪಲ್ ಹಾಕಿದ ಮೇಲೆ ಬಂದ ಬೆಳಕನ್ನು ಅದರಿಂದ ಭಾಗಿಸುತ್ತದೆ. ಹರಳು ಮಬ್ಬಾಗಿ ಅರ್ಧ ಬೆಳಕೇ ಹಾದುಹೋಗುತ್ತಿದೆ ಎಂದಿಟ್ಟುಕೊಳ್ಳಿ. ಬ್ಯಾಕ್‌ಗ್ರೌಂಡೂ ಅರ್ಧ, ಸ್ಯಾಂಪಲ್ಲೂ ಅರ್ಧ, ಭಾಗಿಸಿದರೆ ಉತ್ತರ ಅದೇ. ರೋಹಿತ ನೋಡಲು ಮೊದಲಿನಂತೆಯೇ ಇರುತ್ತದೆ, ಗೆರೆ ಮಾತ್ರ ಸ್ವಲ್ಪ ನಡುಗುತ್ತದೆ. ನಾನು ಪ್ರತಿ ಸಲ ಹೊಸ ಬ್ಯಾಕ್‌ಗ್ರೌಂಡ್ ತೆಗೆಯುತ್ತಿದ್ದೆ, ಅದು ಶಿಸ್ತು ಎಂದೇ ಕಲಿತದ್ದು. ಶಿಸ್ತು ಹೌದು. ಆದರೆ ಅದರ ಜೊತೆಗೆ ಎನರ್ಜಿಯ ಅಂಕಿಯನ್ನು ಹಿಂದಿನ ವಾರದ ಅಂಕಿಯ ಜೊತೆ ಹೋಲಿಸದಿದ್ದರೆ, ಹೊಸ ಬ್ಯಾಕ್‌ಗ್ರೌಂಡ್ ಹರಳಿನ ಗಾಯವನ್ನು ಪ್ರತಿ ದಿನ ಹೊಸದಾಗಿ ಮುಚ್ಚುತ್ತದೆ.

ಗೆರೆ ನಡುಗುವುದು ಕಂಡಾಗ 32 ಸ್ಕ್ಯಾನ್ ಇದ್ದದ್ದನ್ನು 128ಕ್ಕೆ ಏರಿಸಿದೆ. ಸ್ಕ್ಯಾನ್ ನಾಲ್ಕು ಪಟ್ಟಾದರೆ ಗದ್ದಲ ಅರ್ಧಕ್ಕೆ ಇಳಿಯುತ್ತದೆ. ಎಂದರೆ, ಅರ್ಧ ಬೆಳಕು ಹೋದ ಹರಳನ್ನು ಮತ್ತೆ ಒಳ್ಳೆಯ ಹರಳಿನಂತೆ ಕಾಣಿಸಲು ಎಷ್ಟು ಬೇಕೋ ಸರಿಯಾಗಿ ಅಷ್ಟನ್ನೇ ನಾನು ಮಾಡಿದೆ. ರಾತ್ರಿಯಿಡೀ ಓಡಿಸಿದ ಸರಣಿಯಲ್ಲಿ ತಳದ ಗೆರೆ ಗಂಟೆಗಂಟೆಗೂ ಏರುತ್ತಾ ಹೋಗಿತ್ತು. ಅಲ್ಲಿ ಶುರುವಿನ ಒಂದೇ ಬ್ಯಾಕ್‌ಗ್ರೌಂಡ್ ಇದ್ದುದರಿಂದ ಹರಳು ತಿಂದುಹೋಗುವುದು ಮುಚ್ಚಿಹೋಗದೆ ತಾನೇ ಕಾಣಿಸಿಕೊಂಡಿತ್ತು. ಕೋಣೆಯ ಉಷ್ಣತೆಯ ಏರಿಳಿತ ಇರಬೇಕೆಂದು ಅಂದುಕೊಂಡು ಬೇಸ್‌ಲೈನ್ ಕರೆಕ್ಷನ್ ಒತ್ತಿದೆ. ನೀರಿನ ರೋಹಿತ ಕಳೆದ ಮೇಲೆ 1590ರ ಹತ್ತಿರ ಒಂದು ಸಣ್ಣ ಉಬ್ಬು ಕಾಣುತ್ತಿತ್ತು, ರಾತ್ರಿ ಕಳೆದಂತೆ ಬೆಳೆಯುತ್ತಿತ್ತು. ಹಣ್ಣಿನದೇ ಯಾವುದೋ ಅಂಶ ಎಂದು ಬರೆದಿಟ್ಟೆ. ಹರಳಿನಿಂದ ಕರಗಿದ ಸತುವಿಗೆ ಅಂಟಿದ ಕಾರ್ಬಾಕ್ಸಿಲೇಟಿನದ್ದೇ ಇರಬೇಕೆಂದು ಈಗ ನನ್ನ ಎಣಿಕೆ, ಆದರೆ ಖಚಿತಪಡಿಸಲು ಆ ಸ್ಯಾಂಪಲ್ ಉಳಿದಿರಲಿಲ್ಲ.

ಮೊದಲು ಕಂಡುಹಿಡಿದದ್ದು ನಾನಲ್ಲ. ತೆಂಗಿನೆಣ್ಣೆಯ ಕಲಬೆರಕೆ ಮೇಲೆ ಕೆಲಸ ಮಾಡುತ್ತಿದ್ದ ಕಿರಿಯ ವಿದ್ಯಾರ್ಥಿನಿಯೊಬ್ಬಳು ಒಂದು ಮಧ್ಯಾಹ್ನ ಬಂದು, “ಅಕ್ಕ, ನನ್ನ ಬ್ಲಾಂಕಿನಲ್ಲೇ 1720ರಲ್ಲಿ ಎಂತದೋ ಬರ್ತಾ ಉಂಟು, ಎಷ್ಟು ಒರೆಸಿದ್ರೂ ಹೋಗುದಿಲ್ಲ” ಎಂದಳು. ತಿಂದುಹೋದ ಸಣ್ಣ ಗುಳಿಗಳಲ್ಲಿ ನನ್ನ ಆಮ್ಲ ಕೂತಿತ್ತು. ಅವಳು ಅದೇ ಹರಳಿನ ಮೇಲೆ ಬ್ಯಾಕ್‌ಗ್ರೌಂಡ್ ತೆಗೆದಿದ್ದಾಗ, ಮುಂದಿನ ತೊಳೆತಕ್ಕೆ ಅದರಲ್ಲೊಂದಿಷ್ಟು ಬಿಟ್ಟುಹೋಗಿ, ಎಣ್ಣೆಯ ರೋಹಿತದಲ್ಲಿ ಅದೇ ಜಾಗದಲ್ಲಿ ತಲೆಕೆಳಗಾದ ಶಿಖರಗಳು ಬಂದಿದ್ದವು. ಕಲಬೆರಕೆಯ ಪ್ರಮಾಣವನ್ನು ಕಾರ್ಬೊನಿಲ್ ಶಿಖರದಿಂದ ಲೆಕ್ಕ ಹಾಕುವವಳಿಗೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಅಷ್ಟೂ ದಿನದ ಅಂಕಿಗಳನ್ನು ಅವಳು ಬಿಡಬೇಕಾಯಿತು.

ತಟ್ಟೆಯನ್ನು ಹೊರತೆಗೆದು ಕಿಟಕಿಯ ಹತ್ತಿರ ಹಿಡಿದೆ. ನೇರ ನೋಡಿದರೆ ಏನೂ ಇಲ್ಲ, ಹಳದಿ, ತಿಳಿ. ಓರೆ ಮಾಡಿ ಟಾರ್ಚಿನ ಬೆಳಕು ಬಿಟ್ಟಾಗ ಕಂಡಿತು. ರಸದ ಅಂಚು ನಿಲ್ಲುತ್ತಿದ್ದ ಜಾಗದಲ್ಲಿ ಸುತ್ತಲೂ ಒಂದು ಬಿಳಿ ಗೆರೆ, ಅದರೊಳಗೆ ಇಡೀ ಮೇಲ್ಮೈಗೆ ತೆಳುವಾದ ಮಂಜು, ನಡುನಡುವೆ ಚುಕ್ಕಿಗಳು. ಉದ್ದಕ್ಕೆ ಕೆಲವು ಕೂದಲೆಳೆ ಗೀರುಗಳೂ ಇದ್ದವು. ಅವು ಒಣಗಿದ ರಸವನ್ನು ತೆಗೆಯಲು ಒಣ ಟಿಶ್ಯೂವಿನಿಂದ ಉಜ್ಜಿದ್ದರ ಗುರುತು. ಝಿಂಕ್ ಸೆಲೆನೈಡ್ ಮೆತ್ತನೆಯದು, ನೂಪ್ ಗಡಸುತನ 120ರಷ್ಟು ಮಾತ್ರ, ಜರ್ಮೇನಿಯಂ ಅದರ ಆರು ಪಟ್ಟಿಗೂ ಹೆಚ್ಚು ಗಟ್ಟಿ. ಮೊದಲು ನೀರು, ಆಮೇಲೆ ಐಸೊಪ್ರೊಪನಾಲ್, ಒದ್ದೆ ಮಾಡಿದ ಲೆನ್ಸ್ ಟಿಶ್ಯೂವನ್ನು ಒತ್ತದೆ ಒಂದೇ ದಿಕ್ಕಿಗೆ ಎಳೆಯಬೇಕು ಎಂಬುದು ನನಗೆ ಗೊತ್ತಿದ್ದ ಕ್ರಮ. ಬೆಳಿಗ್ಗೆ ಬೇರೆಯವರ ಸರದಿ ಶುರುವಾಗುವ ಮೊದಲು ಮುಗಿಸುವ ಅವಸರದಲ್ಲಿ ಅದು ಉಜ್ಜುವುದಾಗಿತ್ತು.

ಲ್ಯಾಬ್ ನೋಡಿಕೊಳ್ಳುತ್ತಿದ್ದ ಅಣ್ಣನಿಗೆ ಹೇಳಬೇಕಿತ್ತು. ಆ ಸಂಜೆ ಹೇಳಲಿಲ್ಲ. ಪಾಲಿಶ್ ಮಾಡಿ ಸರಿ ಮಾಡಬಹುದೇ ಎಂದು ಹುಡುಕುತ್ತಾ ಕೂತೆ. ಗೀರು ಮೇಲ್ಮಟ್ಟದ್ದಾಗಿದ್ದರೆ ತಯಾರಕರು ಮತ್ತೆ ಪಾಲಿಶ್ ಮಾಡಿ ಕೊಡುವುದುಂಟು. ನಾವೇ ಉಜ್ಜಿದರೆ ಮೇಲ್ಮೈ ಸಮತಟ್ಟಾಗಿ ಉಳಿಯುವುದಿಲ್ಲ, ಅದಕ್ಕಿಂತ ಮುಖ್ಯವಾಗಿ ಏಳುವುದು ಸೆಲೆನಿಯಂ ಇರುವ ವಿಷದ ಧೂಳು. ಹೇಳದೆ ಕಳೆದ ಆ ಹೊತ್ತಿನಲ್ಲಿ ಇನ್ನೊಬ್ಬರು ಬಂದು ಸ್ಯಾಂಪಲ್ ಓಡಿಸಿ ಹೋದರು. ಹರಳು ಹಾಳಾದದ್ದಕ್ಕಿಂತ ಈ ಒಂದು ಸಂಗತಿಗೆ ನನಗೆ ಹೆಚ್ಚು ನಾಚಿಕೆ.

ಮಾರನೆಯ ಬೆಳಿಗ್ಗೆ ತೋರಿಸಿದಾಗ ಅವರು ತಟ್ಟೆಯನ್ನು ಓರೆ ಮಾಡಿ ಬಹಳ ಹೊತ್ತು ನೋಡಿದರು.

“ಎಂತ ಹಾಕಿದ್ದು ಇದಕ್ಕೆ?”

“ಪುನರ್ಪುಳಿ ರಸ ಅಣ್ಣ. ದಪ್ಪದ್ದು.”

“ಎಷ್ಟು ಹೊತ್ತು?”

“ರಾತ್ರಿ ಇಡೀ.”

“ಒಂದೇ ದಿನವಾ?”

“ಅಲ್ಲ.”

ಅವರು ಬೈಯಲಿಲ್ಲ. ಲಾಗ್‌ಬುಕ್ ತೆರೆದು ನನ್ನ ಮುಂದಿಟ್ಟರು. ಪ್ರತಿ ಸಾಲಿನ ಕೊನೆಗೆ ಎನರ್ಜಿ ಬರೆಯಲು ಒಂದು ಅಂಕಣ. ವರ್ಷಗಳ ಹಿಂದಿನವರು ತುಂಬಿದ್ದರು. ನನ್ನ ಹೆಸರಿನ ಸಾಲುಗಳಲ್ಲಿ ಅದು ಖಾಲಿ, ಕೆಲವು ಕಡೆ ಬರಿಯ ‘ಓಕೆ’. “ಇದನ್ನು ಬರೆದಿದ್ರೆ ಮೊದಲನೇ ವಾರವೇ ಗೊತ್ತಾಗ್ತಿತ್ತಲ್ಲ ಮಾರಾಯ್ತಿ” ಎಂದರು. ಆಮೇಲೆ ಕೇಳಿದ್ದು, ಒರೆಸಿದ ಟಿಶ್ಯೂ ಎಲ್ಲಿ ಹಾಕುತ್ತಿದ್ದೆ ಎಂದು. ಸಾಮಾನ್ಯ ಕಸದ ಬುಟ್ಟಿಗೆ. ಅದೂ ನನಗೆ ಹೊಳೆದಿರಲಿಲ್ಲ. ಬಲವಾದ ಆಮ್ಲ ಈ ಹರಳಿಗೆ ತಾಗಿದರೆ ಹೈಡ್ರೋಜನ್ ಸೆಲೆನೈಡ್ ಅನಿಲ ಹುಟ್ಟಬಹುದು. ಕೆಲಸದ ಜಾಗದ ಗಾಳಿಯಲ್ಲಿ ಅದರ ಮಿತಿ 0.05 ಪಿಪಿಎಂ, ಅಷ್ಟು ವಿಷ. ನನ್ನ ರಸದ ವಿಷಯದಲ್ಲಿ ಅಷ್ಟು ದೂರ ಹೋಗಿರಲಿಕ್ಕಿಲ್ಲ. ಆದರೆ ಸೆಲೆನಿಯಂ ಕರಗಿದ ದ್ರವವನ್ನು ನಾನು ಸಿಂಕಿಗೆ ಚೆಲ್ಲಿದ್ದೇನೆ, ಟಿಶ್ಯೂವನ್ನು ಗುಡಿಸುವವರು ಬರಿಗೈಯಲ್ಲಿ ಎತ್ತುವ ಬುಟ್ಟಿಗೆ ಎಸೆದಿದ್ದೇನೆ. ಹಾಳಾದ ಹರಳನ್ನು ನಾವು ಮುಚ್ಚಿದ ಡಬ್ಬಿಯಲ್ಲಿಟ್ಟು, ಸೆಲೆನಿಯಂ ಎಂದು ಬರೆದು ಅಪಾಯಕಾರಿ ತ್ಯಾಜ್ಯದ ಕಪಾಟಿಗೆ ಸೇರಿಸಿದೆವು.

ಗೈಡ್ ಸರ್ ಕೇಳಿದ್ದು ಒಂದೇ: ಯಾವ ಅಂಕಿಯನ್ನು ಉಳಿಸಿಕೊಳ್ಳಬಹುದು? ತೆಳು ರಸದ ಆರಂಭದ ರೋಹಿತಗಳು ಉಳಿದವು, ಏಕೆಂದರೆ ಆಗಿನ ಬ್ಯಾಕ್‌ಗ್ರೌಂಡ್ ಕಡತಗಳು ಕಂಪ್ಯೂಟರಿನಲ್ಲಿ ಇದ್ದವು. ಒಂದೊಂದನ್ನೂ ತೆರೆದು, ಭಾಗಿಸುವ ಮೊದಲಿನ ಕಚ್ಚಾ ಬೆಳಕನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಗುಡ್ಡದಂಥ ಆ ಗೆರೆ ದಿನಾಂಕದ ಪ್ರಕಾರ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು, ಪ್ರತಿ ಇಳಿತವೂ ಒಂದು ರಾತ್ರಿಯ ಓಟದ ಮರುದಿನ. ಇಷ್ಟು ಸ್ಪಷ್ಟವಾದ ದಾಖಲೆ ಯಂತ್ರದೊಳಗೇ ಇತ್ತು, ನಾನು ಅನುಪಾತವನ್ನು ಮಾತ್ರ ನೋಡುತ್ತಿದ್ದೆ. ರಾತ್ರಿಯ ಸರಣಿಗಳನ್ನೆಲ್ಲ ಬಿಟ್ಟೆವು. ಅದರ ಮೇಲೆ ಬರೆದಿದ್ದ ಅಧ್ಯಾಯವೂ ಹೋಯಿತು.

ಕೆಲಸವನ್ನು ಮತ್ತೆ ಜರ್ಮೇನಿಯಂ ಹರಳಿನ ಮೇಲೆ ಮಾಡಿದೆ. ಜರ್ಮೇನಿಯಂಗೆ ಹುಳಿಯ ಹೆದರಿಕೆ ಇಲ್ಲ. ಸೂಚ್ಯಂಕ 4 ಆದ್ದರಿಂದ ಬೆಳಕು ಆಚೆ ಚಾಚುವುದು ಕಡಿಮೆ, ಝಿಂಕ್ ಸೆಲೆನೈಡಿನಲ್ಲಿ 2 ಮೈಕ್ರಾನ್ ಇರುವಲ್ಲಿ ಇಲ್ಲಿ 0.66 ಮೈಕ್ರಾನಿನಷ್ಟು. ಶಿಖರಗಳು ಗಿಡ್ಡವಾಗುತ್ತವೆ, ತೆಳು ರಸದಲ್ಲಿ ಲ್ಯಾಕ್ಟೋನಿನ ಗುರುತು ಹಿಡಿಯುವುದೇ ಕಷ್ಟ. ಬಿಸಿ ಮಾಡಿದರೆ ಜರ್ಮೇನಿಯಂ ಅವಕೆಂಪು ಬೆಳಕಿಗೆ ಅಪಾರದರ್ಶಕವಾಗುತ್ತಾ ಹೋಗುತ್ತದೆ, ಹಾಗಾಗಿ ಕಾಯಿಸಿ ನೋಡುವ ಆಸೆ ಬಿಡಬೇಕಾಯಿತು. ವಜ್ರದ ಎಟಿಆರ್ ಇದ್ದವರು ಏನನ್ನಾದರೂ ಹಾಕಬಹುದು ಎಂದು ಹೇಳುವುದನ್ನು ಕೇಳಿದ್ದೇನೆ. ವಜ್ರಕ್ಕೆ ಹುಳಿ ತಾಗುವುದಿಲ್ಲ ನಿಜ, ಆದರೆ ಅದು ಗಟ್ಟಿ ಇರುವಷ್ಟೇ ಪೆಡಸು. ಹರಳು ಹರಳಾದ ಸ್ಯಾಂಪಲನ್ನು ಒತ್ತುವ ಹಿಡಿಕೆಯಿಂದ ಬಿಗಿದು ಬಿರುಕು ಬಿಡಿಸಿಕೊಂಡವರಿದ್ದಾರೆ. ಕೆಲವು ತಯಾರಿಕೆಗಳಲ್ಲಿ ವಜ್ರದ ಕೆಳಗೆ ಇರುವುದು ಝಿಂಕ್ ಸೆಲೆನೈಡೇ, ಅಂಚಿನ ಸೀಲು ಸೋರಿದರೆ ಹುಳಿ ನೇರ ಅಲ್ಲಿಗೇ ಇಳಿಯುತ್ತದೆ.

ಈಗ ನಾನು ಬೇರೆ ಕಡೆ ಪಾಠ ಮಾಡುತ್ತೇನೆ, ಅಲ್ಲಿಯ ಎಫ್‌ಟಿಐಆರ್ ನನ್ನ ಸುಪರ್ದಿಯಲ್ಲಿದೆ. ಸರದಿ ಕೇಳಲು ಬರುವವರು ಮೂರು ವಿಷಯ ಬರೆದುಕೊಡಬೇಕು: ದ್ರವದ ಪಿಎಚ್, ಅದರಲ್ಲಿ ಸತುವನ್ನು ಹಿಡಿಯುವಂಥದ್ದು ಏನಿದೆ, ಹರಳಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತದೆ. ಎನರ್ಜಿಯ ಅಂಕಿಯನ್ನು ಅವರೇ ಪೆನ್ನಿನಿಂದ ಬರೆದು, ಹಿಂದಿನ ಸಾಲಿನ ಅಂಕಿ ನೋಡಿ, ನೂರಕ್ಕೆ ಐದಕ್ಕಿಂತ ಹೆಚ್ಚು ಇಳಿದಿದ್ದರೆ ಸ್ಯಾಂಪಲ್ ಹಾಕುವ ಮೊದಲು ನನ್ನನ್ನು ಕರೆಯಬೇಕು. ಐದು ಎಂಬುದು ನಾನೇ ಇಟ್ಟುಕೊಂಡ ಗಡಿ, ನಿಮ್ಮ ಯಂತ್ರಕ್ಕೆ ಬೇರೆ ಇರಬಹುದು. ಹೆಚ್ಚಿನ ಸಲ ಕಾರಣ ಸಣ್ಣದೇ, ತಟ್ಟೆ ಸರಿಯಾಗಿ ಕೂತಿರುವುದಿಲ್ಲ ಅಥವಾ ಕನ್ನಡಿ ಸ್ವಲ್ಪ ಜರುಗಿರುತ್ತದೆ. ಮೊನ್ನೆ ಒಬ್ಬ ಹುಡುಗ ಕರೆದಾಗ ಹರಳಿನಲ್ಲಿ ನಿಜವಾಗಿಯೂ ಒಂದು ಗೀರಿತ್ತು. ಅವನ ಮುಖ ಬಿಳಿಚಿತ್ತು. ಕರೆದದ್ದು ಒಳ್ಳೆಯದಾಯಿತು ಎಂದು ಹೇಳಿ, ಇಬ್ಬರೂ ಕೂತು ಅವನ ಹಿಂದಿನ ವಾರದ ಬ್ಯಾಕ್‌ಗ್ರೌಂಡುಗಳನ್ನು ಒಂದೊಂದಾಗಿ ತೆರೆಯತೊಡಗಿದೆವು.